ನಾನು ಬೈದ ಆಸ್ಥಾನ ಪಂಡಿತ

ಅಥಣಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಷ್ಟು ಕಾಲ ನಾನು ಒಬ್ಬ ಸತ್ತ ಮನುಷ್ಯನನ್ನು ವರ್ಷಕ್ಕೊಮ್ಮೆ ತಪ್ಪದೆ ಬೈಯುತ್ತಿದ್ದೆ. ಹದಿನಾರನೆಯ ಶತಮಾನದ ಮೊರಾಕ್ಕೊ ದೇಶದವ, ಬರ್ಬರ್ ಕುಲದವ, ಸುಲ್ತಾನನ ಆಸ್ಥಾನದ ಪಂಡಿತ. ಗಣಿತ, ಕಾನೂನು, ಚರಿತ್ರೆ ಎಲ್ಲದರಲ್ಲೂ ಕೈಯಾಡಿಸಿದವ. ಪೂರ್ವದ ಕಡೆಗೆ ಹಡಗಿನಲ್ಲಿ ಹೊರಟವನನ್ನು ಕಡಲ್ಗಳ್ಳರು ಹಿಡಿದರು. ತಿಂಗಳುಗಟ್ಟಲೆ ಸೆರೆ, ಹಸಿವು. ಕೊನೆಗೆ ಸುಲ್ತಾನ ಹಣ ತೆತ್ತು ಬಿಡಿಸಿಕೊಂಡ. ಊರಿಗೆ ಬಂದವನು ಸುಲ್ತಾನನ ಗುಣಗಾನಕ್ಕೆಂದೇ ಒಂದು ಪುಸ್ತಕ ಬರೆದ. ತನ್ನೂರಿನ ವಿದ್ವಾಂಸರ ಬದುಕುಗಳನ್ನು ಒಂದೊಂದಾಗಿ ಹುಡುಕಿ ಬರೆದಿಟ್ಟ ಬುದ್ಧಿವಂತ ಒಬ್ಬ ಅರಸನ ಮುಂದೆ ಹೀಗೆ ಬಾಗಿದನಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ‘ಹೊಗಳುಭಟ್ಟ’ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದೆ.

ನಿವೃತ್ತಿಯಾದ ಮೇಲೆ ಅವನ ಬಗ್ಗೆಯೇ ಒಂದು ಸಣ್ಣ ಪುಸ್ತಕ ಬರೆಯಲು ಕೂತೆ. ಸರಿಯಾಗಿ ಫ್ರೆಂಚ್ ಬಾರದಿದ್ದರೂ ನಿಘಂಟು ಹಿಡಿದು ಅವನ ಮೇಲಿನ ಲೇಖನಗಳನ್ನು ಅಗೆದೆ. ಒಬ್ಬಳೇ ಅವನ ಜತೆ ಜಗಳಾಡುವುದನ್ನು ಕೇಳಿದ ನೆರೆಯವರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದರೆ ತಪ್ಪಿಲ್ಲ.

ಪುಸ್ತಕ ಅರ್ಧವಾಗಿದ್ದಾಗ ಕೊಕಟನೂರ ಕಡೆಯ ನಮ್ಮ ಸಾಹುಕಾರರಿಗೆ ಎಂಬತ್ತು ತುಂಬಿತು. ಕಬ್ಬು, ದ್ರಾಕ್ಷಿ ತೋಟ ಎರಡೂ ಇರುವ ಮನೆತನ. ಅಭಿನಂದನ ಗ್ರಂಥದ ಸಮಿತಿಯವರು ನಮ್ಮ ಮನೆಗೆ ಬಂದರು.

“ಮೊದಲನೇ ಲೇಖನ ನಿಮ್ಮದ ಆಗಬೇಕ್ರಿ ಮೇಡಂ. ಕುರಿಗಾರನ ಮಗಳಿಗೆ ಸಾಲಿ ಕಲಿಸಿದವರು ಅವರ ಅಲ್ಲೇನ್ರಿ?”

ಸುಳ್ಳಲ್ಲ. ಎಂಟನೇ ಇಯತ್ತೆಯಿಂದ ಧಾರವಾಡದ ಎಂ.ಎ. ಮುಗಿಯುವವರೆಗೆ ನನ್ನ ಓದಿನ ಖರ್ಚು ನೋಡಿದವರು ಅವರೇ. ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಎರಡು ದಿನ ಮನೆಯೊಳಗೇ ಅಡ್ಡಾಡಿದೆ. ಕೂತೆ, ಎದ್ದೆ, ಚಹಾ ಮಾಡಿ ಕುಡಿಯಲು ಮರೆತೆ. ಮೂರನೆಯ ದಿನ ಪೆನ್ನು ಹಿಡಿದರೆ ಐದು ಪುಟ ನಿಲ್ಲದೆ ಹರಿದವು. ಹೊಗಳಿಕೆ ನನ್ನ ಕೈಗೆ ಇಷ್ಟು ಸಲೀಸಾಗಿ ಬರುವುದನ್ನು ಕಂಡು ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ಖುಷಿಯೂ ಆಯಿತು. ಅಡುಗೆಮನೆಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದ ಅವ್ವನಿಗೆ ಓದಿ ಹೇಳಿದೆ.

ಅವ್ವ ತಲೆ ಎತ್ತದೆ ಕೇಳಿದಳು: “ನಿಮ್ಮಪ್ಪ ಎಲ್ಲಿ ಅದಾನ ಇದರಾಗ?”

“ಅಪ್ಪ ಯಾಕ ಬೇ? ಇದು ಸಾಹುಕಾರರ ಪುಸ್ತಕ.”

“ಹತ್ತು ವರ್ಷ ಅವರ ಹೊಲದಾಗ ಕುರಿ ಕೂಡಿಸ್ಯಾನ. ಒಂದ ಸೇರು ಜ್ವಾಳ ತಗೊಂಡಿಲ್ಲ. ನಿನ್ನ ಸಾಲಿ ಹೆಂಗ ಆತು ಅಂತ ತಿಳಿದಿದ್ದಿ?”

ಕುರಿ ಕೂಡಿಸುವುದೆಂದರೆ ಹಿಂಡನ್ನು ಇರುಳೆಲ್ಲ ರೈತನ ಹೊಲದಲ್ಲಿ ನಿಲ್ಲಿಸುವುದು. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ, ಬದಲಿಗೆ ರೈತ ಕುರಿಗಾರನಿಗೆ ಕಾಳು ಕೊಡುತ್ತಾನೆ. ಆ ಕಾಳನ್ನು ಅಪ್ಪ ಬಿಟ್ಟುಕೊಟ್ಟಿದ್ದ. ಅವ್ವ ಆ ವರ್ಷಗಳಲ್ಲಿ ಮಂದಿಯ ಹೊಲಕ್ಕೆ ಕಳೆ ಕೀಳಲು ಯಾಕೆ ಹೋಗುತ್ತಿದ್ದಳೆಂದು ನನಗೆ ಈಗ ತಿಳಿಯಿತು. ಸುಲ್ತಾನ ತೆತ್ತ ಹಣ ಯಾರ ದುಡಿಮೆಯಿಂದ ಖಜಾನೆಗೆ ಬಂದಿತ್ತೆಂದು ಆ ಪಂಡಿತ ಕೇಳಿದ್ದನೋ ಇಲ್ಲವೋ. ಅವನನ್ನು ಬೈದ ನಾನಂತೂ ನನ್ನ ವಿಷಯದಲ್ಲಿ ಕೇಳಿರಲಿಲ್ಲ.

ಮರುದಿನವೇ ಬಸ್ಸು ಹತ್ತಿದೆ. ಸಾಹುಕಾರರು ತೋಟದ ಮನೆಯ ಪಡಸಾಲೆಯಲ್ಲಿದ್ದರು. ಕೂಡು ಎಂದರೂ ಕೂಡದೆ ಕೇಳಿಬಿಟ್ಟೆ.

“ಹೌದು ತಂಗಿ. ನಿಮ್ಮಪ್ಪನೇ ಹೇಳಬ್ಯಾಡ್ರಿ ಅಂದಿದ್ದ. ಗೊತ್ತಾದ್ರ ಸಾಲಿ ಬಿಟ್ಟು ಕುರಿ ಹಿಂದ ಬರ್ತಾಳ ಅಂದ.” ಆಮೇಲೆ ದನಿ ತಗ್ಗಿಸಿದರು. “ಅದನ್ನ ಪುಸ್ತಕದಾಗ ಬರೀತೀಯೇನು?”

“ಬರೀತೀನ್ರಿ.”

“ಹಂಗಾದ್ರ ನಾ ಕೊಟ್ಟದ್ದು ಏನು ಉಳೀತು?”

ಅವರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ತೀರಿಹೋದ ಅಪ್ಪನ ಮೇಲೆ. ಪ್ರತಿ ದಸರೆಗೆ ಬನ್ನಿ ಕೊಡಲು ಅವನೇ ನನ್ನನ್ನು ಈ ಮನೆಗೆ ಕರೆತರುತ್ತಿದ್ದ. “ಸಾಹುಕಾರರ ಕಾಲಿಗೆ ಬೀಳು” ಎನ್ನುತ್ತಿದ್ದ. ನಾನು ಬೀಳುತ್ತಿದ್ದೆ, ಅವನು ಕೈಯಲ್ಲಿ ಚಪ್ಪಲಿ ಹಿಡಿದು ಬಾಗಿಲ ಹೊರಗೆ ನಿಂತು ನೋಡುತ್ತಿದ್ದ. ಹೊರಗೆ ಬಂದ ಮೇಲೆ ಅವನ ಕಾಲನ್ನೂ ಮುಟ್ಟಬೇಕೆಂದು ನನಗೆ ಒಂದು ದಸರೆಗೂ ಅನ್ನಿಸಲಿಲ್ಲ.