ವೈಕಿಂಗರ ಹುಡುಗನನ್ನು ಒರೆಗೆ ಹಚ್ಚಿದ್ದು

ಲಂಡನ್ನಿನ ಈಸ್ಟ್ ಕ್ರೋಯ್ಡನ್ ಸ್ಟೇಷನ್ನಿನಲ್ಲಿ ನನ್ನ ಕೈಗೆ ಯಾರೂ ಟಿಕೆಟ್ ಕೊಡಲಿಲ್ಲ. ತಮ್ಮನ ಮಗಳು ವೈಭವಿ ಒಂದು ಕಾರ್ಡು ಕೊಟ್ಟು ಹಳದಿ ಬಿಲ್ಲೆಗೆ ಮುಟ್ಟಿಸೆಂದಳು, ಗೇಟು ತೆರೆಯಿತು. ಎಷ್ಟು ಹಿಡಿದರು ಎಂದು ಕೇಳಿದೆ. "ಆಮ್ಯಾಲ ಗೊತ್ತಾಗ್ತದ ಅತ್ತಿ" ಎಂದಳು. ದರ ಹೇಳದೆ ದುಡ್ಡು ಕೀಳುವ ವ್ಯಾಪಾರವನ್ನು ನಾನು ಧಾರವಾಡದ ಕಾಯಿಪಲ್ಯೆ ಪೇಟೆಯಲ್ಲೂ ಕಂಡಿರಲಿಲ್ಲ. ಏಪ್ರಿಲ್ ತಿಂಗಳ ಭಾನುವಾರ; ಬಿಸಿಲಿತ್ತು, ಆದರೆ ಅದರಲ್ಲಿ ಕಾವಿರಲಿಲ್ಲ. ಆ ಬಿಸಿಲಿನ ಮೇಲೂ ನನಗೆ ಅನುಮಾನ.

ನಾನು ಬಂದದ್ದು ಊರು ನೋಡಲಿಕ್ಕಲ್ಲ. ವೈಭವಿ ಡೆನ್ಮಾರ್ಕಿನ ಹುಡುಗನೊಬ್ಬನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದಳು. ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ನನ್ನ ತಮ್ಮ, "ಅಕ್ಕಾ, ನೀ ಬಂದು ನೋಡು. ನೀ ಹೂಂ ಅಂದ್ರ ಹೂಂ, ಒಲ್ಲೆ ಅಂದ್ರ ಒಲ್ಲೆ" ಎಂದು ಭಾರವನ್ನೆಲ್ಲ ನನ್ನ ತಲೆಗೆ ಕಟ್ಟಿದ್ದ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳೆಂದು ತಿಳಿದು, ಹುಡುಗ ಲಂಡನ್ನಿನ ವೈಕಿಂಗ್ ಜಾಗಗಳನ್ನು ತೋರಿಸುತ್ತೇನೆಂದು ಕರೆದಿದ್ದ. ವೈಕಿಂಗರೆಂದರೆ ಸಾವಿರ ವರ್ಷದ ಹಿಂದೆ ಡೆನ್ಮಾರ್ಕ್, ನಾರ್ವೆಗಳಿಂದ ಹಡಗೇರಿ ಬಂದು ಇಂಗ್ಲೆಂಡನ್ನು ಸುಲಿದ ಜನ. ಅವರ ಪೈಕಿಯವನೇ ನಮ್ಮ ಮನೆಯ ಹುಡುಗಿಯನ್ನು ಕೇಳುತ್ತಿದ್ದಾನೆ. ನಾನು ಎಚ್ಚರವಾಗಿರದೆ ಇನ್ಯಾರು ಇರಬೇಕು?

ಕಾಲು ಗಂಟೆಯಲ್ಲಿ ಲಂಡನ್ ಬ್ರಿಜ್ ಸ್ಟೇಷನ್ ಬಂತು. ಗೇಟಿನ ಹೊರಗೆ ಹುಡುಗ ನಿಂತಿದ್ದ. ಎತ್ತರದ ಆಳು, ಸವೆದ ಬೂಟು, ಹೆಸರು ಸೋರನ್. ಸೋರುವ ಗಡಿಗೆಯನ್ನು ಯಾರಾದರೂ ಬಡಿದು ನೋಡದೆ ಕೊಳ್ಳುತ್ತಾರೆಯೇ?

"ನಮಸ್ಕಾರ ಅತ್ತಿ. ಆರಾಮ ಇದ್ದೀ? ಊಟ ಆತ?" ಎಂದ.

ಬೆಳಗಿನ ಹತ್ತು ಗಂಟೆಗೆ ಊಟ! ಅದೂ ಏಕವಚನದಲ್ಲಿ! ನಾನು ವೈಭವಿಯ ಕಡೆ ತಿರುಗಿದೆ. "ನೀನ ಬಾಯಿಪಾಠ ಮಾಡಿಸಿ ಕರಕೊಂಡು ಬಂದೀದಿ, ಹೌದಿಲ್ಲ?"

"ಇಲ್ಲತ್ತಿ, ಪ್ರಾಮಿಸ್. ನಾ ಏನೂ ಹೇಳಿಕೊಟ್ಟಿಲ್ಲ."

ನಾನು ನಂಬಲಿಲ್ಲ. ಪರೀಕ್ಷೆಯ ಹಿಂದಿನ ದಿನ ಉರು ಹೊಡೆದು ಬರುವವರನ್ನು ಆಯುಷ್ಯವೆಲ್ಲ ನೋಡಿದ್ದೇನೆ. ಇಷ್ಟಕ್ಕೇ ಮೋಸ ಮಾಡುವವನು ನಾಳೆ ಇನ್ನೇನು ಮಾಡುವುದಿಲ್ಲ ಎಂದುಕೊಂಡು ಹಿಂದೆ ನಡೆದೆ.

ಮೊದಲು ತೋರಿಸಿದ್ದು ಟೂಲಿ ಸ್ಟ್ರೀಟ್. ಅವನ ಕನ್ನಡ ಅಲ್ಲಿಗೇ ಮುಗಿದಿತ್ತು, ಮುಂದಿನದೆಲ್ಲ ಇಂಗ್ಲಿಷು. ಇದು ನಿಜವಾಗಿ ಸೇಂಟ್ ಒಲಾಫನ ಬೀದಿ, ಸೇಂಟ್ ಎಂಬುದರ ಕೊನೆಯ ಟಕಾರ ಒಲಾಫನಿಗೆ ಅಂಟಿಕೊಂಡು, ಜನರ ಬಾಯಲ್ಲಿ ಸವೆದು ಟೂಲಿ ಆಯಿತು ಎಂದ. ಒಲಾಫ್ ನಾರ್ವೆಯವನು. ಇಂಗ್ಲಿಷ್ ರಾಜನ ಪರವಾಗಿ ಬಂದು, ಲಂಡನ್ ಸೇತುವೆಯ ಕಂಬಗಳಿಗೆ ಹಗ್ಗ ಬಿಗಿದು, ಹಡಗುಗಳಿಂದ ಎಳೆಸಿ ಕೆಡವಿದನಂತೆ. ಒಂದು ಕಟ್ಟಡದ ಮೂಲೆಯಲ್ಲಿ ಅವನ ಚಿತ್ರವಿದೆ.

"ಸೇತುವೆಯ ಮೇಲೆ ಯಾರಿದ್ದರು?" ಎಂದು ಕೇಳಿದೆ.

"ನಮ್ಮವರು, ಡೆನ್ಮಾರ್ಕಿನ ಡೇನರು. ನೀರಿಗೆ ಬಿದ್ದರು."

"ಇದು ನಡೆದದ್ದಕ್ಕೆ ಸಾಕ್ಷಿ?"

"ಒಲಾಫನನ್ನು ಹೊಗಳಿದ ಕವಿಗಳು. ಪೂರ್ತಿ ನಂಬಬೇಡಿ."

ಹೊಗಳುಭಟ್ಟರ ಮಾತು ಎಷ್ಟು ನಂಬಬೇಕೆಂಬುದು ನನಗೂ ಗೊತ್ತು. ಚಿತ್ರವಾದರೂ ಹಳೆಯದೇ ಎಂದರೆ, ನೂರು ವರ್ಷದ್ದಷ್ಟೇ ಎಂದ.

ಅಲ್ಲಿಂದ ಗ್ರೀನಿಚ್‌ಗೆ ದೋಣಿ. ಥೇಮ್ಸ್ ನೀರು ನಮ್ಮ ಕಡೆಯ ಕೆರೆ ಹೂಳಿನ ಬಣ್ಣದ್ದು, ಗಾಳಿ ಕಿವಿ ಕೊಯ್ಯುವಂಥದ್ದು. ವೈಕಿಂಗರು ಬರೀ ದರೋಡೆಕೋರರಲ್ಲ, ವ್ಯಾಪಾರಿಗಳೂ ಹೌದು ಎಂದು ಅವನು ಶುರುಮಾಡಿದ. ಯಾರಾದರೂ ಬೆಳ್ಳಿ ಕೊಟ್ಟರೆ ಅವರು ನಂಬುತ್ತಿರಲಿಲ್ಲವಂತೆ. ಚಾಕುವಿನ ಮೊನೆಯಿಂದ ಚುಚ್ಚಿ ನೋಡಿಯೇ ತೆಗೆದುಕೊಳ್ಳುತ್ತಿದ್ದರಂತೆ. ಮ್ಯೂಸಿಯಮ್ಮಿನ ನಾಣ್ಯಗಳ ಮೇಲೆ ಆ ಗಾಯಗಳು ಇನ್ನೂ ಇವೆಯಂತೆ. ಆ ಜನದ ಮೇಲೆ ನನಗೆ ಮೊದಲ ಸಲ ಗೌರವ ಹುಟ್ಟಿತು.

ಆದರೆ ನಾನು ಕಾಯುತ್ತಿದ್ದದ್ದು ಬೇರೆಯದಕ್ಕೆ. ಗ್ರೀನಿಚ್‌ನಲ್ಲಿ ಡೇನರು ಏನು ಮಾಡಿದ್ದರೆಂದು ತಮ್ಮನ ಮನೆಯ ಪುಸ್ತಕದಲ್ಲಿ ಓದಿಕೊಂಡೇ ಬಂದಿದ್ದೆ. ಇವನು ಅದನ್ನು ನುಂಗಿಕೊಂಡರೆ ಅಲ್ಲಿಗೆ ನನ್ನ ಕೆಲಸ ಮುಗಿಯುತ್ತಿತ್ತು.

ಊರ ನಡುವಿನ ದೊಡ್ಡ ಚರ್ಚಿನೊಳಗೆ ಅವನು ದನಿ ತಗ್ಗಿಸಿದ. "ಈ ದೇಶದ ಹಿರಿಯ ಪಾದ್ರಿ ಆರ್ಚ್‌ಬಿಷಪ್ಪರನ್ನು ನಮ್ಮವರು ಸೆರೆ ಹಿಡಿದು ಇಲ್ಲಿಗೆ ತಂದರು. ತನಗಾಗಿ ಬಡವರು ಹಣ ತೆರುವುದು ಬೇಡ ಎಂದರು ಅವರು. ನಮ್ಮವರು ಉಂಡು ಕುಡಿದು, ಎತ್ತಿನ ಎಲುಬು ಎಸೆದು ಎಸೆದು ಕೊಂದರು. ಈ ಚರ್ಚು ನಿಂತದ್ದು ಆ ಜಾಗದಲ್ಲೇ ಅಂತಾರೆ."

ಮುಚ್ಚಿಡಲಿಲ್ಲ, ಸರಿ. ಆದರೆ ಕೇಳುವ ಮೊದಲೇ ಒಪ್ಪಿಕೊಂಡು ಪಾರಾಗುವ ಜಾಣರೂ ಇರುತ್ತಾರೆ. ವೈಭವಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಪಾರ್ಕಿನ ಬೆಂಚಿನ ಮೇಲೆ ಕೂತು, ಊರಿಂದ ತಂದ ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿ, ತಮ್ಮನ ಮನೆಯ ಮೊಸರು ಬಿಚ್ಚಿದೆ. ಅವನು ಮೂರು ರೊಟ್ಟಿ ಮುರಿದು ತಿಂದ, ಖಾರಕ್ಕೆ ಮೂಗು ಸೋರಿತು. ಹೆಸರಿಗೆ ತಕ್ಕ ಹಾಗೆ ಎಂದು ನಾನಂದದ್ದಕ್ಕೆ ವೈಭವಿ ಆ ದಿನ ಮೊದಲ ಬಾರಿ ನಕ್ಕಳು, ಅವನಿಗೆ ಅರ್ಥ ಬಿಡಿಸಿ ಹೇಳಿದಳು, ಅವನೂ ನಕ್ಕ. ನನಗೆ ನಗು ಬಂದರೂ ತಡೆದುಕೊಂಡೆ. ನಗಿಸಿ ಗೆಲ್ಲುವುದೂ ಒಂದು ಕಲೆಯೇ.

ಸಂಜೆ ರೈಲಿನಲ್ಲಿ ಲಂಡನ್ ಬ್ರಿಜ್‌ಗೆ ಮರಳಿದೆವು. ಅವನು ಉತ್ತರ ಲಂಡನ್ನಿನ ಕೊಲಿಂಡೇಲ್‌ಗೆ ಹೋಗಬೇಕು, ಅವನ ಗಾಡಿ ನೆಲದಡಿಯ ಟ್ಯೂಬು. ಆದರೂ ನಮ್ಮ ಪ್ಲಾಟ್‌ಫಾರ್ಮಿನ ತನಕ ಬಂದ. ಕ್ರೋಯ್ಡನ್ ಗಾಡಿ ಬಂದು ನಿಂತಿತು. ತಮ್ಮನಿಗೆ ರಾತ್ರಿ ಏನು ಹೇಳುವುದೆಂದು ನನಗೆ ಇನ್ನೂ ತೋಚಿರಲಿಲ್ಲ. ಬಾಗಿಲ ಬಳಿ ಅವನು ಕೈ ಮುಗಿದ.

"ಇಡ್ಲಾ ಅತ್ತಿ? ಇಡ್ತೇನಿ, ಹಾಂ? ಮೈ ಕಡೆ ನೋಡ್ಕೋ," ಎಂದ.

ಕಾಲು ಅಲ್ಲೇ ನಿಂತಿತು. ಆ ಮಾತು, ಆ ರಾಗ, ಕೊನೆಯ ಆ "ಹಾಂ" ಎಲ್ಲ ವೈಭವಿಯದು. ಪ್ರತಿ ವಾರ ಧಾರವಾಡಕ್ಕೆ ನನಗೆ ಫೋನು ಮಾಡಿ, ಆರಾಮ ಇದ್ದೀ ಎಂದು ಶುರುಮಾಡಿ, ಊಟ ಆತ ಎಂದು ಕೇಳಿ, ಇಡ್ತೇನಿ ಎಂದು ಫೋನು ಇಡುವವಳು ಅವಳೇ. ಎದುರಿಗೆ ನಿಂತ ಮನುಷ್ಯನಿಗೆ "ಇಡ್ತೇನಿ" ಎನ್ನಲು ಯಾವ ಕನ್ನಡದವಳು ಹೇಳಿಕೊಟ್ಟಾಳು? ಇವನು ಆ ಫೋನುಗಳ ಪಕ್ಕದಲ್ಲಿ ಕೂತು, ಅರ್ಥವಾಗದ ಮಾತನ್ನು ವಾರವಾರವೂ ಕಿವಿಗೊಟ್ಟು ಕೇಳಿದ್ದಾನೆ. ಬೀಳ್ಕೊಡುವ ಮಾತು ಅದೇ ಎಂದು ತಿಳಿದಿದ್ದಾನೆ.

"ಇಡ್ತೇನಿ ಅನ್ನೂದು ಫೋನಿಗೆ, ತಮ್ಮಾ," ಎಂದೆ. "ಎದುರಿಗಿದ್ದವರಿಗೆ ಬರ್ತೇನಿ ಅನಬೇಕು."

ವೈಭವಿ ಅರ್ಥ ಬಿಡಿಸಿ ಹೇಳಿದಳು. ಅವನು ತಡವರಿಸಿ, "ಬರ್ತೇನಿ ಅತ್ತಿ," ಎಂದ.

"ಬಾ," ಎಂದೆ. "ನಿಮ್ಮ ಮಂದೀನ ಕರಕೊಂಡು ಧಾರವಾಡಕ್ಕ ಬಾ, ಮಾತುಕತಿ ಮುಗಿಸೋಣು. ಹಡಗ ಮಾತ್ರ ತರಬ್ಯಾಡ."