ಯಲ್ಲಮ್ಮ ಹಚ್ಚದ ಒಲೆ

ಯಲ್ಲಮ್ಮನ ಕೆಲಸ ಏನೆಂದು ಹೇಳಿದರೆ ಹೊರಗಿನವರು ನಗುತ್ತಾರೆ. ಯಾರೂ ಇಲ್ಲದ ಮನೆಯಲ್ಲಿ ದಿನಾ ಬೆಳಿಗ್ಗೆ ಒಲೆ ಹಚ್ಚುವುದು! ಅನ್ನ ಬೇಯಿಸಲಿಕ್ಕಲ್ಲ, ನೀರು ಕಾಯಿಸಲಿಕ್ಕೂ ಅಲ್ಲ, ಬರೀ ಹೊಗೆ ಏಳಿಸಲಿಕ್ಕೆ. ಮೂಡಿಗೆರೆ ದಾಟಿ, ಕಳಸದ ರಸ್ತೆ ಬಿಟ್ಟು ಗುಡ್ಡ ಹತ್ತಿದರೆ ಬಸವರಾಜಪ್ಪನವರ ಕಾಫಿ ತೋಟದ ಕಟ್ಟಕಡೆಯ ಮೂಲೆಯಲ್ಲಿ ಆ ಹೆಂಚಿನ ಮನೆ ಇದೆ. ಅದರ ಬೆನ್ನಿಗೇ ಪಕ್ಕದ ಎಸ್ಟೇಟಿನ ಬೇಲಿ.

"ಖಾಲಿ ಬಿಟ್ರೆ ಅವ್ರು ಬೇಲಿ ಜರುಗಿಸಿ ಮನೇನ ಒಳಗೆ ಹಾಕ್ಕೊಳ್ತಾರೆ ಯಲ್ಲಮ್ಮ. ಹೊಗೆ ಕಂಡ್ರೆ ನಮ್ಮ ಜನ ಇದಾರೆ ಅಂತ ಗೊತ್ತಾಗ್ತದೆ" ಎಂದು ಬಸವರಾಜಪ್ಪನವರು ಬೀಗದಕೈ ಕೊಟ್ಟು ಹದಿಮೂರು ವರ್ಷವಾಯಿತು.

ಆ ಮನೆ ಕಟ್ಟಿದ್ದು ಯಾರು ಅಂತೀರಿ? ಯಲ್ಲಮ್ಮನ ಅಪ್ಪ ಗಿಡ್ಡಪ್ಪ. ತಾನೇ ಮಣ್ಣು ತುಳಿದು, ತಾನೇ ಗೋಡೆ ಎಬ್ಬಿಸಿದ್ದ. ಹಳೇ ಸಾಹುಕಾರರು ಬಾಯಿಮಾತಿನಲ್ಲಿ "ಇದ್ಕಳೋ" ಅಂದಿದ್ದರು, ಅಷ್ಟೇ. ಅವರು ಹೋದ ಮೇಲೆ ಮಗ ಬಸವರಾಜಪ್ಪನವರು ಕಾಗದ ಎಲ್ಲಿ ಎಂದರು. ಗಿಡ್ಡಪ್ಪನ ಹತ್ತಿರ ಯಾವ ಕಾಗದ ಇದ್ದೀತು? ಅತಿಕ್ರಮಣ ಮಾಡಿದ್ದೀಯ ಎಂದು ಪಾತ್ರೆ ಪಗಡೆ ಅಂಗಳಕ್ಕೆ ಹಾಕಿ ಬೀಗ ಜಡಿದರು. ಮುದುಕ ತೋಟದ ಕೂಲಿಯವರ ಲೈನು ಮನೆ ಸೇರಿ ಆರೇ ತಿಂಗಳಿಗೆ ತೀರಿಕೊಂಡ. ಅಪ್ಪನನ್ನು ಹೊರಗೆ ಹಾಕಿದ ಬೀಗದ ಕೈಯನ್ನೇ ಮಗಳು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕಾಯಿತಲ್ಲ, ಎಂಥ ಕರ್ಮ! ಆದರೂ ಯಲ್ಲಮ್ಮ ಒಪ್ಪಿಕೊಂಡಳು. ದಿನಾ ಒಲೆ ಉರಿಸುತ್ತಿದ್ದರೆ ಇವತ್ತಲ್ಲ ನಾಳೆ ಅಪ್ಪನ ಮನೆ ತನ್ನದಾಗುತ್ತದೆ ಎಂಬುದೊಂದೇ ಅವಳ ಆಸೆ.

ಕೆಲಸಕ್ಕೆ ಸೇರಿ ತಿಂಗಳಾಗಿರಬೇಕು, ಕಾಫಿ ಹಣ್ಣು ಕುಯ್ಯುವ ಕಾಲ. ಬೆಳಿಗ್ಗೆ ಮಂಜಿನಲ್ಲಿ ಗುಡ್ಡ ಹತ್ತಿ ಬಂದವಳಿಗೆ ಹೆಂಚಿನ ಸಂದಿಯಿಂದ ಹೊಗೆ ಏಳುವುದು ಕಂಡಿತು. ಬೀಗ ಹಾಕಿದ ಹಾಗೇ ಇತ್ತು. ತೆಗೆದು ಒಳಗೆ ಹೋದರೆ ಒಲೆ ಉರಿಯುತ್ತಿದೆ, ಒಬ್ಬರೂ ಇಲ್ಲ. ಹಿಂಬಾಗಿಲ ಅಗುಳಿಯನ್ನು ಹೊರಗಿನಿಂದ ಕಡ್ಡಿ ತೂರಿಸಿ ಎತ್ತಬಹುದಿತ್ತು, ನಿಜ. ಆದರೆ ಆ ಉಪಾಯ ಗೊತ್ತಿದ್ದದ್ದು ಅವಳಿಗೆ, ಅವಳಪ್ಪನಿಗೆ. ಅವಳು ಬಗ್ಗಿ ನೋಡಿದಳು. ಯಾರೋ ಬೂದಿಯನ್ನು ಒಲೆಯ ಎಡಕ್ಕೆ ಎಳೆದಿದ್ದರು. ಗಿಡ್ಡಪ್ಪ ಎಡಚ.

ಮಾರನೇ ದಿನವೂ ಹಾಗೇ, ಅದರ ಮಾರನೇ ದಿನವೂ ಹಾಗೇ. ಅವಳು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಬಿಟ್ಟರೆ ಒಲೆ ಹಚ್ಚಲು ನೀನೇಕೆ ಬೇಕು ಎಂದಾರು, ಮನೆಯ ಆಸೆಯೂ ಮಣ್ಣುಪಾಲು. ಅದಕ್ಕೇ ದಿನಾ ಬರುವುದು, ತಾನು ಹಚ್ಚದ ಒಲೆಯ ಮುಂದೆ ಕೂರುವುದು, ಬೀಗ ಹಾಕಿ ಹೋಗುವುದು. ಒಮ್ಮೊಮ್ಮೆ ಮೂಲೆಯಿಂದ ಹೊಗೆ ಕುಡಿದವರ ಕೆಮ್ಮು ಕೇಳುತ್ತಿತ್ತು. ಎರಡೇ ಸಲ, ಅಪ್ಪ ಕೆಮ್ಮುತ್ತಿದ್ದ ಹಾಗೆ. ಮೊದಮೊದಲು ಅವಳು ಹೊರಗೆ ಓಡುತ್ತಿದ್ದಳು. ಆಮೇಲೆ ಓಡುವುದನ್ನೂ ಬಿಟ್ಟಳು.

ಈ ವರ್ಷ ಪಕ್ಕದ ಎಸ್ಟೇಟಿನವರು ಆ ಮೂಲೆ ತಮ್ಮದೆಂದು ಕೇಸು ಹಾಕಿದರು. ಬಸವರಾಜಪ್ಪನವರು ಯಲ್ಲಮ್ಮನನ್ನು ಜೀಪಿನಲ್ಲಿ ಕೂರಿಸಿಕೊಂಡು ಮೂಡಿಗೆರೆಯ ವಕೀಲೆ ಅರುಣಾ ಅವರ ಹತ್ತಿರ ಕರೆದುಕೊಂಡು ಹೋದರು.

"ದಿನಾ ಒಲೆ ಹಚ್ಚೋಳು ನಾನೇ ಅಂತ ಸಾಕ್ಷಿ ಹೇಳಿ ಸಾಕು. ನೀವು ಸಾಹುಕಾರ್ರ ಪರವಾಗಿ ಇರೋರು, ನಿಮ್ಮ ಸ್ವಾಧೀನ ಅಂದ್ರೆ ಅವರದೇ ಸ್ವಾಧೀನ" ಎಂದರು ಅರುಣಾ.

ಯಲ್ಲಮ್ಮ ಕೇಳಿಯೇ ಬಿಟ್ಟಳು. "ಹದ್ಮೂರು ವರ್ಷ ಆತಲ್ಲ ಅಮ್ಮಾ. ನಂಗೆ ಏನೂ ಬರಾಕಿಲ್ವಾ?"

"ಇಲ್ಲ ಯಲ್ಲಮ್ಮ. ಕಾವಲಿಗೆ ಅಂತ ಬೀಗದಕೈ ಇಸ್ಕೊಂಡೋರು ನೂರು ವರ್ಷ ಇದ್ರೂ ಹಕ್ಕು ಬರಲ್ಲ."

"ಹಂಗಾರೆ ಯಾರ್ನೂ ಕೇಳ್ದೆ ಬಂದು ಕೂತೋರಿಗೆ?"

ಅರುಣಾ ನಕ್ಕರು. "ಅದು ಬೇರೆ. ಇದು ನಂದು ಅಂತ ಎಲ್ಲರಿಗೂ ಕಾಣೋ ಹಾಗೆ, ಬಿಡದೆ ಹನ್ನೆರಡು ವರ್ಷ ಕೂತಿದ್ದು, ಮಾಲೀಕರು ಸುಮ್ನೇ ನೋಡ್ತಾ ಇದ್ರೆ, ಕೋರ್ಟು ಅವರ ಮಾತು ಕೇಳ್ತದೆ."

ಯಲ್ಲಮ್ಮ ಸೆರಗು ಕೊಡವಿ ಎದ್ದಳು. ಕೇಳಿ ಬಂದವಳಿಗೆ ಮೂರು ಕಾಸಿನ ಹಕ್ಕಿಲ್ಲ, ಕೇಳದೆ ಬಂದವರಿಗೆ ಮನೆ! ಇದ್ಯಾವ ಸೀಮೆ ನ್ಯಾಯ? ಜೀಪು ಗುಡ್ಡ ಹತ್ತುವಾಗ ಅವಳು ಆ ಮನೆಯ ಕಡೆ ನೋಡಿದಳು. ಮಧ್ಯಾಹ್ನ ಮೂರು ಗಂಟೆ. ಬೀಗದಕೈ ಅವಳ ಸೊಂಟದಲ್ಲೇ ಇತ್ತು. ಹೆಂಚಿನ ಮೇಲೆ ಹೊಗೆ ಏಳುತ್ತಿತ್ತು, ಇಡೀ ಗುಡ್ಡಕ್ಕೆ ಕಾಣುವ ಹಾಗೆ. ಬಸವರಾಜಪ್ಪನವರೂ ನೋಡಿದರು. ಏನೂ ಅನ್ನಲಿಲ್ಲ, ಗೇರು ಬದಲಿಸಿದರು.

ಸಾಹುಕಾರರ ಮನೆ ಮುಂದೆ ಇಳಿದವಳೇ ಯಲ್ಲಮ್ಮ ಬೀಗದಕೈಯನ್ನು ಜಗಲಿಯ ಮೇಲಿಟ್ಟಳು. "ನಾಳೆಯಿಂದ ನಿಮ್ಮ ಪರವಾಗಿ ನಾ ಬರಾಕಿಲ್ಲ ಸಾಹುಕಾರ್ರೇ."

"ತಲೆ ಕೆಟ್ಟಿದ್ಯಾ ನಿಂಗೆ?" ಎಂದು ಅವರು ಕೂಗುತ್ತಲೇ ಇದ್ದರು. ಅವಳು ತಿರುಗಿ ನೋಡಲಿಲ್ಲ.

ಮಾರನೇ ಬೆಳಿಗ್ಗೆ ಅವಳು ಚಾಪೆ ಸುತ್ತಿಕೊಂಡು ಹಿಂಬಾಗಿಲಿಗೆ ಹೋದಳು. ಕಡ್ಡಿ ತೂರಿಸಿ ಅಗುಳಿ ಎತ್ತಲು ಹೋದರೆ ಬಾಗಿಲು ಆಗಲೇ ತೆರೆದಿತ್ತು. ಒಲೆ ಉರಿಯುತ್ತಿತ್ತು, ಬೂದಿ ಎಡಕ್ಕೆ. ಅವಳು ಚಾಪೆ ಬಿಚ್ಚಿದಳು. "ವಸಿ ಆಕಡೆ ಜರುಗಪ್ಪಾ, ನಾನೂ ಇಲ್ಲೇ ಇರ್ತೀನಿ" ಎಂದು ಒಲೆಯ ಬಲಕ್ಕೆ ಕೂತಳು.

ಗಂಟೆ ಎಂಟಾಗಿರಲಿಲ್ಲ, ಜೀಪು ಬಂತು. ಮುಂಬಾಗಿಲ ಬೀಗ ಖಣಖಣ ಎಂದಿತು, ಬಾಗಿಲು ತೆರೆಯಿತು. ಹೊಸ್ತಿಲೊಳಗೆ ಒಂದು ಕಾಲಿಟ್ಟು ಬಸವರಾಜಪ್ಪನವರು ಗದರಿದರು.

"ಯಾರದು ಒಳಗೆ?"

ಯಲ್ಲಮ್ಮ ಬಾಯಿ ತೆರೆಯುವ ಮೊದಲೇ ಒಲೆಯ ಎಡಗಡೆಯಿಂದ ಕೆಮ್ಮು ಕೇಳಿತು. ಎರಡೇ ಸಲ. ಬಸವರಾಜಪ್ಪನವರಿಗೆ ಆ ಕೆಮ್ಮಿನ ಗುರುತು ಚೆನ್ನಾಗಿಯೇ ಇತ್ತು, ಹದಿನಾಲ್ಕು ವರ್ಷದ ಹಿಂದೆ ಅದನ್ನು ಅಂಗಳಕ್ಕೆ ತಳ್ಳಿದವರು ಅವರೇ ಅಲ್ಲವೆ. ಒಳಗಿಟ್ಟ ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು.

"ಮನೆಯೋರು, ಸಾಹುಕಾರ್ರೇ" ಎಂದಳು ಯಲ್ಲಮ್ಮ. "ಬರೋದಾದ್ರೆ ಕೇಳ್ಕೊಂಡು ಬನ್ನಿ."