ನಿಧಾನಕ್ಕ ತುರ್ತು ಕರೆಗೆ ಕೂತದ್ದು

ಆ ಹೆಸರಿಟ್ಟದ್ದು ಅವಳ ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುತ್ತಿತ್ತು. ಸೊಸೆ ಬಂದಳು, ಗ್ಯಾಸ್ ಆರಿಸಿದಳು, "ಅತ್ತೆ, ಹಾಲು ಉಕ್ಕಿದೆ" ಅಂದಳು. ಇವತ್ತು ಸೋಮವಾರ ಅಂತ ಹೇಳುವ ಧಾಟಿಯಲ್ಲಿ. ಆಕಾಶ ತಲೆ ಮೇಲೆ ಬಿದ್ದರೂ ಇವಳು ಯಾವ ಕಡೆಯಿಂದ ಬಿತ್ತು ಅಂತ ವಿಚಾರಿಸುತ್ತಾಳೆ ಎಂದು ಅತ್ತೆ ಮನೆಗೆ ಬಂದವರಿಗೆಲ್ಲ ಹೇಳಿಕೊಂಡು ನಕ್ಕರು. ಅಲ್ಲಿಂದ ಅವಳು ನಿಧಾನ ಆದಳು, ಬೀದಿಯವರಿಗೆ ನಿಧಾನಕ್ಕ.

ಗಂಡ ಇದಕ್ಕೆ ತದ್ವಿರುದ್ಧ. ಅವನು ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ. ನಿಂತೇ ಊಟ ಮುಗಿಸುವ, ನೀವು ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಉತ್ತರ ಹೇಳಿಬಿಡುವ ಮನುಷ್ಯ. ಉತ್ತರ ತಪ್ಪಾಗಿದ್ದರೆ ಇನ್ನೊಂದು ಹೇಳಿದರಾಯಿತು. ಇಬ್ಬರಿಗೂ ಒಬ್ಬಳೇ ಮಗಳು, ಕಾಲೇಜಿಗೆ ಹೋಗುತ್ತಿದ್ದಳು.

ನಿಧಾನಕ್ಕ ಬೀದಿ ಮೂಲೆಯ ಲಾಂಡ್ರಿಯಲ್ಲಿ ಕೌಂಟರಿಗೆ ನಿಲ್ಲುತ್ತಿದ್ದಳು. ಇಸ್ತ್ರಿಯಲ್ಲಿ ಕಾಲರ್ ಸುಟ್ಟಿತು, ಬಿಳಿ ಅಂಗಿ ಗುಲಾಬಿಯಾಗಿ ಬಂತು ಎಂದು ಕೆಂಡ ಕಾರುತ್ತ ಬಂದವರು, ಅವಳ ಜೊತೆ ಸ್ವಲ್ಪ ಹೊತ್ತು ಮಾತಾಡಿ, ಗುಲಾಬಿ ಬಣ್ಣ ತಮಗೂ ಒಪ್ಪೀತೇನೋ ಅಂದುಕೊಳ್ಳುತ್ತ ವಾಪಸು ಹೋಗುತ್ತಿದ್ದರು. ಆದರೆ ಲಾಂಡ್ರಿ ಯಜಮಾನರಿಗೆ ವಯಸ್ಸಾಯಿತು, ಮಂಡಿ ಕೈಕೊಟ್ಟಿತು. ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟರು. ನಿಧಾನಕ್ಕ ಮನೆಯಲ್ಲಿ ಕೂತಳು. ಕೂತು, ಒಂದೇ ಕಪಾಟನ್ನು ವಾರದಲ್ಲಿ ಎರಡೆರಡು ಸಲ ಒರೆಸತೊಡಗಿದಳು.

ಅದನ್ನು ನೋಡಿಯೇ ಮಗಳು ಒಂದು ಸಂಜೆ ಊಟದ ಮೇಜಿನಲ್ಲಿ ಮಾತು ತೆಗೆದಳು.

"ಅಮ್ಮ, ಪೊಲೀಸ್ ಕಂಟ್ರೋಲ್ ರೂಮಲ್ಲಿ ತುರ್ತು ಕರೆ ತಗೊಳ್ಳೋಕೆ ಜನ ಬೇಕಂತೆ. ಪೊಲೀಸೇ ಆಗಿರಬೇಕು ಅಂತೇನಿಲ್ಲ. ನೀನ್ಯಾಕೆ ಅರ್ಜಿ ಹಾಕಬಾರದು?"

ಗಂಡ ನಕ್ಕ ನಗುವಿಗೆ ಬಾಯಲ್ಲಿದ್ದ ನೀರು ಮೂಗಿಗೆ ಬಂತು. ಅವನು ಕೂತು ಊಟ ಮಾಡಿದ್ದೇ ಅಪರೂಪ, ಅದೂ ಕೆಟ್ಟಿತು. "ನಿಮ್ಮಮ್ಮನಾ? ಮನೇಲಿ ಕಳ್ಳ ಇದಾನೆ ಅಂತ ಯಾರಾದರೂ ಫೋನ್ ಮಾಡಿದರೆ, ಇವಳು ಹಲೋ ಅನ್ನೋಷ್ಟರಲ್ಲಿ ಕಳ್ಳ ಮಾಲು ಮಾರಿ, ಮನೆ ಕಟ್ಟಿಸಿ, ಮಕ್ಕಳ ಮದುವೇನೂ ಮಾಡಿರ್ತಾನೆ."

"ಸುಮ್ನಿರೋ," ಅಂದರು ಅತ್ತೆ. "ನೀನು ಫೋನ್ ಎತ್ತಿದರೆ ಆ ಕಡೆಯವನಿಗೆ ಇಲ್ಲದ ಎದೆನೋವು ಬರುತ್ತೆ. ನಿಧಾನವೇ ಪ್ರಧಾನ ಅಂತ ದೊಡ್ಡೋರು ಸುಮ್ಮನೆ ಹೇಳಿಲ್ಲ."

ಸೊಸೆಯ ಪರವಾಗಿ ಅತ್ತೆ ಮಾತಾಡಿದ್ದು ಕೇಳಿ ಗಂಡನ ನಗು ಅಲ್ಲೇ ನಿಂತಿತು. ನಿಧಾನಕ್ಕ ತಟ್ಟೆ ತೊಳೆದಿಟ್ಟಳು, ಮೇಜು ಒರೆಸಿದಳು, ಕೈ ಒರೆಸಿಕೊಂಡಳು. ಎಲ್ಲರೂ ಬೇರೆ ವಿಷಯಕ್ಕೆ ಹೋದಮೇಲೆ ಮಗಳ ಪಕ್ಕ ಬಂದು ಕೇಳಿದಳು. "ಟೈಪಿಂಗ್ ಬರಲೇಬೇಕಾ?"

ಬರಲೇಬೇಕಿತ್ತು. ಕಿವಿ ಕೇಳುತ್ತಿರಬೇಕು, ಬಾಯಿ ಮಾತಾಡುತ್ತಿರಬೇಕು, ಕೈ ಟೈಪ್ ಮಾಡುತ್ತಿರಬೇಕು, ಮೂರೂ ಒಟ್ಟಿಗೆ. ನಿಧಾನಕ್ಕ ಮಗಳ ಲ್ಯಾಪ್‌ಟಾಪ್ ಮುಂದೆ ಕೂತು ಕೋಳಿ ಕಾಳು ಹೆಕ್ಕಿದ ಹಾಗೆ ಒಂದೊಂದೇ ಅಕ್ಷರ ಹೆಕ್ಕಿದಳು. ಕೆಲವು ವಾರಗಳಲ್ಲಿ ಕೋಳಿಗೆ ಹಸಿವು ಹೆಚ್ಚಾಯಿತು. ಟಕಟಕ ಸದ್ದು ಪಡಸಾಲೆಯವರೆಗೂ ಕೇಳಿಸತೊಡಗಿತು. ಆಮೇಲೆ ಕರೆಗಳ ಅಭ್ಯಾಸ. ಮನೆಯವರು ಪಕ್ಕದ ಕೋಣೆಯಿಂದ ಫೋನ್ ಮಾಡುವುದು, ಇವಳು ಉತ್ತರಿಸುವುದು. ಗಂಡನಿಗೆ ಇದರಲ್ಲಿ ಎಲ್ಲಿಲ್ಲದ ಹುರುಪು.

"ಮೇಡಂ, ಬೇಗ, ಲಿಫ್ಟಲ್ಲಿ ಆನೆ ಸಿಕ್ಕಾಕೊಂಡಿದೆ."

"ಯಾವ ಮಹಡಿ?"

"ಮೂರು ಮತ್ತು ನಾಲ್ಕರ ನಡುವೆ."

"ಆನೆ ಜೊತೆ ಯಾರಾದರೂ ಇದಾರಾ?"

ಗಂಡ ಫೋನ್ ಕಟ್ ಮಾಡಿಬಿಟ್ಟ. ಅತ್ತೆಯ ಸರದಿ ಬಂದಾಗ ಅವರು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ದನಿ ನಡುಗಿಸಿ, "ನನ್ನ ಸೊಸೆ ಟೀ ಮಾಡಿಕೊಡ್ತೀನಿ ಅಂದು ಗಂಟೆಯಾಯ್ತು" ಎಂದು ದೂರು ಕೊಟ್ಟರು.

"ನಿಮ್ಮ ಜೀವಕ್ಕೇನಾದರೂ ಅಪಾಯ ಇದೆಯಾ ಅಮ್ಮ?"

"ತಲೆ ಸಿಡೀತಿದೆ."

"ವಿಳಾಸ ಹೇಳಿ."

"ನನ್ನ ಮನೇಲೇ ಇದ್ದುಕೊಂಡು ನನ್ನ ವಿಳಾಸ ಕೇಳ್ತೀಯಾ?"

ಹೀಗೆ ನಗುತ್ತ ತಯಾರಾಗಿ ನಿಧಾನಕ್ಕ ಪರೀಕ್ಷೆಗೆ ಹೋದಳು. ಟೈಪಿಂಗಿನಲ್ಲಿ ಕೂದಲೆಳೆಯ ಅಂತರದಲ್ಲಿ ಪಾಸಾದಳು. ಕಿವಿಯ ಪರೀಕ್ಷೆಯಲ್ಲಿ ಬೇರೆಯವರಿಗೆ ಕೇಳಿಸದ ಸದ್ದೂ ಇವಳಿಗೆ ಕೇಳಿಸಿತು. ಕೊನೆಯಲ್ಲಿ ನಕಲಿ ಕರೆ. ಗಾಜಿನ ಗೋಡೆಯ ಆಚೆ ಒಬ್ಬ ಕಾನ್‌ಸ್ಟೇಬಲ್ ಫೋನ್ ಹಿಡಿದು ಕೂತಿದ್ದ. ಅವನು ಅಳುವುದರಲ್ಲಿ ನಿಪುಣ. ತನ್ನ ಮಗ ಕಾರಿನೊಳಗೆ ಸಿಕ್ಕಿಕೊಂಡಿದ್ದಾನೆ, ಬಾಗಿಲು ತೆರೆಯುತ್ತಿಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತ. ನಿಧಾನಕ್ಕ "ಅಳಬೇಡಿ ಅಣ್ಣ, ನಾನಿದೀನಿ, ಏನೂ ಆಗಲ್ಲ" ಎಂದು ಲಾಂಡ್ರಿಯಲ್ಲಿ ಸಮಾಧಾನ ಮಾಡುತ್ತಿದ್ದಂತೆಯೇ ಮಾಡಿದಳು. ಅವನೂ ಸಮಾಧಾನವಾದ. ಅಷ್ಟರಲ್ಲಿ ಸಮಯ ಮುಗಿಯಿತು.

ಕನ್ನಡಕದ ಇನ್ಸ್‌ಪೆಕ್ಟರ್ ಮೇಡಂ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. "ನಿಮ್ಮ ದನಿ ಚೆನ್ನಾಗಿದೆ. ಆದರೆ ಒಂದು ಹೇಳಿ. ಆ ಕಾರು ಎಲ್ಲಿದೆ?"

ನಿಧಾನಕ್ಕ ಅದನ್ನು ಕೇಳಿರಲೇ ಇಲ್ಲ.

ಮನೆಗೆ ಬಂದು "ಆಗಲಿಲ್ಲ" ಅಂದಳು, ಹಾಲು ಉಕ್ಕಿದೆ ಅಂದ ಧಾಟಿಯಲ್ಲೇ. ಮುಂದಿನ ತಂಡಕ್ಕೆ ಮತ್ತೆ ಅರ್ಜಿ ಹಾಕಬಹುದಿತ್ತು. ಅವಳು ಆ ಮಾತೇ ಎತ್ತಲಿಲ್ಲ. ಕಪಾಟು ಒರೆಸುವುದು ಮತ್ತೆ ಶುರುವಾಯಿತು. ಗಂಡ ಒಂದೆರಡು ದಿನ ತಮಾಷೆ ಮಾಡದೆ ಕಷ್ಟಪಟ್ಟು ತಡೆದುಕೊಂಡ. ಮನೆಯಲ್ಲಿ ಅದನ್ನು ಎಲ್ಲರೂ ಗಮನಿಸಿದರು.

ತಿಂಗಳು ಕಳೆದಿರಬೇಕು. ಬೆಳಿಗ್ಗೆ ಗಂಡನೂ ಮಗಳೂ ಹೊರಟುಹೋಗಿದ್ದರು. ಅತ್ತೆ ಸ್ನಾನಕ್ಕೆ ಹೋಗಿದ್ದರು. ಒಳಗೆ ಬಕೆಟ್ ಉರುಳಿದ ಸದ್ದು, ಅದರ ಹಿಂದೆಯೇ ಧೊಪ್ಪನೆ ಇನ್ನೊಂದು ಸದ್ದು. ನಿಧಾನಕ್ಕ ಬಚ್ಚಲ ಬಾಗಿಲಿಗೆ ಓಡಿದಳು. ಒಳಗಿಂದ ಚಿಲಕ. "ಅತ್ತೆ" ಅಂದಳು. ನಲ್ಲಿಯ ನೀರು ಸುರಿಯುವುದು ಮಾತ್ರ ಕೇಳಿಸಿತು.

ಎಂದೂ ಅವಸರ ಪಡದವಳು ಅವತ್ತು ಬಾಗಿಲಿಗೆ ಭುಜ ಕೊಟ್ಟು ನೂಕಿದಳು, ಅದು ಮಿಸುಕಲಿಲ್ಲ. ಗಂಡನ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಅವನು ಯಾವುದೋ ಲಿಫ್ಟಿನ ತಳದಲ್ಲಿದ್ದ. ತುರ್ತು ಸಂಖ್ಯೆ ಒತ್ತಿದಳು.

"ತುರ್ತು ಸೇವೆ. ಎಲ್ಲಿದೀರ ಹೇಳಿ," ಅಂದಿತು ಒಂದು ಹೆಣ್ಣುದನಿ.

"ಮನೇಲಿ."

"ಮನೆ ಎಲ್ಲಿ?"

"ಇಲ್ಲೇ. ಅತ್ತೆ ಬಿದ್ದಿದಾರೆ. ಬಾಗಿಲು ಹಾಕಿದೆ. ಮಾತಾಡ್ತಿಲ್ಲ."

"ಸರಿ, ಜನ ಕಳಿಸ್ತೀನಿ. ಯಾವ ರಸ್ತೆ?"

ಇಪ್ಪತ್ತು ವರ್ಷದಿಂದ ಇದ್ದ ರಸ್ತೆ. ಅದರ ಹೆಸರು ಬಾಯಿಗೆ ಬರಲಿಲ್ಲ. ಮನೆ ನಂಬರೂ ಬರಲಿಲ್ಲ. ತಲೆಯನ್ನು ಯಾರೋ ಒಗೆದು ಹಿಂಡಿ ಒಣಹಾಕಿದಂತೆ ಖಾಲಿಯಾಗಿತ್ತು. "ಗೊತ್ತಿಲ್ಲ" ಅಂದವಳಿಗೆ ಅಳು ಬಂತು.

ಆ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಕಿಟಕಿ ಹತ್ರ ಹೋಗಿ. ಹೋದ್ರಾ? ಎದುರಿಗೆ ಏನು ಕಾಣುತ್ತೆ?"

"ಬೇಕರಿ."

"ಬೇಕರಿ ಬೋರ್ಡ್ ಮೇಲೆ ಏನು ಬರೆದಿದೆ, ಮೇಲಿಂದ ಕೆಳಗಿನ ತನಕ ಓದಿ."

ನಿಧಾನಕ್ಕ ಒಂದನೇ ಕ್ಲಾಸಿನ ಮಗುವಿನ ಹಾಗೆ ಅಕ್ಷರ ಕೂಡಿಸಿಕೊಂಡು ಓದಿದಳು. ಅಂಗಡಿಯ ಹೆಸರು, ಅದರ ಕೆಳಗೆ ರಸ್ತೆಯ ಹೆಸರು. ಓದುತ್ತ ಓದುತ್ತ ಮನೆ ನಂಬರು ತಾನಾಗಿ ನೆನಪಿಗೆ ಬಂತು.

"ಅಷ್ಟು ಸಾಕು. ಫೈರ್ ಸರ್ವಿಸ್, ಆಂಬುಲೆನ್ಸ್ ಎರಡೂ ಹೊರಟಿವೆ. ಫೋನ್ ಇಡಬೇಡಿ. ಬಾಗಿಲ ಹತ್ರ ಹೋಗಿ ಅವರನ್ನ ಮಾತಾಡಿಸ್ತಾ ಇರಿ."

ಅವಳು ಮಾತಾಡಿಸಿದಳು. ಏನೇನು ಹೇಳಿದಳೋ ಅವಳಿಗೇ ನೆನಪಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿಂದ ಒಂದು ನರಳಿಕೆ, ಆಮೇಲೆ ಕ್ಷೀಣವಾದ ದನಿ ಬಂತು. "ಯಾರ ಹತ್ರ ಮಾತಾಡ್ತಿದೀಯ?"

"ಅತ್ತೆ, ಫೈರ್ ಸರ್ವಿಸ್‌ನವರು ಬರ್ತಿದಾರೆ. ಬಾಗಿಲು ತೆಗೀತಾರೆ."

"ಮುರೀಬೇಡಿ ಅಂತ ಹೇಳು. ಹೋದ ವರ್ಷ ತಾನೇ ಬಣ್ಣ ಹೊಡೆಸಿದ್ದು."

ಬಂದವರು ಬಾಗಿಲನ್ನು ಮುರಿಯದೆ ಕೀಲು ಬಿಚ್ಚಿ ಎತ್ತಿ ಪಕ್ಕಕ್ಕಿಟ್ಟರು. ಅತ್ತೆಯ ಮಣಿಕಟ್ಟು ಮುರಿದಿತ್ತು, ಹಣೆಯಲ್ಲಿ ನಿಂಬೆಹಣ್ಣಿನಷ್ಟು ಬುಗುಟೆ ಎದ್ದಿತ್ತು. ಸ್ಟ್ರೆಚರ್ ಮೇಲೆ ಮಲಗಿಯೇ ಅವರು ಬಾಗಿಲ ಬಣ್ಣ ಪರೀಕ್ಷಿಸಿದರು. ಆಸ್ಪತ್ರೆಗೆ ಗಂಡ ಏದುಸಿರು ಬಿಡುತ್ತ ಓಡಿಬಂದಾಗ ಅತ್ತೆಯ ಕೈಗೆ ಪ್ಲಾಸ್ಟರ್ ಬಿದ್ದಿತ್ತು, ಅವರು ಪಕ್ಕದ ಹಾಸಿಗೆಯವರಿಗೆ ಸೊಸೆಯ ಕಥೆ ಹೇಳುತ್ತಿದ್ದರು.

ಹೊರಗಿನ ಬೆಂಚಿನ ಮೇಲೆ ಗಂಡಹೆಂಡತಿ ಕೂತರು.

"ರೀ, ನಂಗೆ ನಮ್ಮನೆ ವಿಳಾಸ ಮರೆತುಹೋಗಿತ್ತು."

ಗಂಡ ನಗಲಿಲ್ಲ. ಅವಳ ಕೈ ಹಿಡಿದುಕೊಂಡ.

"ಫೋನ್ ತಗೊಂಡ ಆ ಹುಡುಗಿ ಒಂದು ಸಲಾನೂ ಅಳಬೇಡಿ ಅನ್ನಲಿಲ್ಲ. ಎಲ್ಲಿ ಎಲ್ಲಿ ಅಂತ ಕೇಳ್ತಾ ಹೋದಳು. ನಂಗೆ ಅಷ್ಟರಿಂದಲೇ ಧೈರ್ಯ ಬಂತು. ಯಾರೋ ಬರ್ತಾರೆ ಅಂತ." ಅವಳೇ ಮುಂದುವರಿಸಿದಳು. "ನಾನು ಆ ಕಾನ್‌ಸ್ಟೇಬಲಿಗೆ ನಾನಿದೀನಿ ಅಂದೆ. ಎಲ್ಲಿದೀನಿ ನಾನು? ಗಾಜಿನ ಈಚೆ ಕುರ್ಚಿ ಮೇಲೆ."

ಮರುದಿನ ತಾನೇ ಲ್ಯಾಪ್‌ಟಾಪ್ ತೆರೆದು ಅರ್ಜಿ ತುಂಬಿದಳು. ಮಗಳು ಸಹಾಯಕ್ಕೆ ಬಂದಾಗ ಮುಗಿದೇ ಹೋಗಿತ್ತು.

ಎರಡನೇ ಸಲವೂ ಅದೇ ಕಾನ್‌ಸ್ಟೇಬಲ್, ಈ ಸಲ ನದಿಗೆ ಬಿದ್ದ ಅಣ್ಣನಿಗಾಗಿ ಅಳುತ್ತಿದ್ದ. ನಿಧಾನಕ್ಕ ಅವನ ಅಳುವಿನ ಸಂದಿನಲ್ಲಿ ಸೇತುವೆ ಯಾವುದು, ಯಾವ ದಡ, ಹತ್ತಿರ ಹಗ್ಗ ಇದೆಯಾ ಎಂದು ಕೇಳಿ, ಹೇಳಿದ್ದನ್ನೆಲ್ಲ ಟೈಪ್ ಮಾಡಿದಳು. ಸಂದರ್ಶನದಲ್ಲಿ ಕನ್ನಡಕದ ಮೇಡಂ ಪಕ್ಕದಲ್ಲಿ ಹಿರಿಯ ಅಧಿಕಾರಿಯೊಬ್ಬರು ಕೂತಿದ್ದರು. ಮತ್ತೆ ಯಾಕೆ ಬಂದಿರಿ ಎಂದು ಮೇಡಂ ಕೇಳಿದಾಗ ಅವಳು ನಡೆದದ್ದನ್ನು ನಡೆದ ಹಾಗೆ ಹೇಳಿದಳು.

"ಸ್ವಂತ ಮನೆ ವಿಳಾಸ ಯಾರಾದರೂ ಮರೀತಾರೇನಮ್ಮ?" ಅಂದರು ಅಧಿಕಾರಿ.

"ನಾನೂ ಹಾಗೇ ಅಂದುಕೊಂಡಿದ್ದೆ ಸರ್."

ಮೇಡಂ ಕನ್ನಡಕ ತೆಗೆದು ಒರೆಸಿದರು. ನಗು ಮುಚ್ಚಿಡಲು ಅವರಿಗೆ ಅದೊಂದೇ ದಾರಿಯಿತ್ತೇನೋ. ಕೆಲಸ ಸಿಕ್ಕಿತು.

ಕಂಟ್ರೋಲ್ ರೂಮ್ ಅಂದರೆ ಗದ್ದಲದ ಜಾಗ ಎಂದು ಅವಳು ಅಂದುಕೊಂಡಿದ್ದಳು. ಅದು ತಣ್ಣಗಿನ, ಕಾರ್ಪೆಟ್ ಹಾಸಿದ, ಪರದೆ ಎಳೆದ ದೊಡ್ಡ ಕೋಣೆ. ಸಾಲುಸಾಲಾಗಿ ಮೇಜು, ಮೇಜಿಗೆರಡು ಕಂಪ್ಯೂಟರ್ ಪರದೆ, ತಲೆಗೆ ಹೆಡ್‌ಸೆಟ್. ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು, ಮಲಗಿದ ಮಗು ಇರುವ ಮನೆಯಲ್ಲಿ ಮಾತಾಡಿದ ಹಾಗೆ. ತರಬೇತಿಯ ದಿನಗಳಲ್ಲಿ ಅವಳು ಅತ್ತೆ ಬಿದ್ದ ದಿನ ಫೋನಿನಲ್ಲಿ ಕೇಳಿದ್ದ ದನಿಯನ್ನು ಕಿವಿಗೊಟ್ಟು ಹುಡುಕಿದಳು. ಇವಳಿರಬಹುದು, ಅವಳಿರಬಹುದು. ಕೊನೆಗೆ ಪಕ್ಕದಲ್ಲಿ ಕೂತು ಕೆಲಸ ಕಲಿಸುತ್ತಿದ್ದ ಹಿರಿಯಳನ್ನೇ ಕೇಳಿದಳು. ಕಿಟಕಿ ಹತ್ತಿರ ಹೋಗಿ ಅನ್ನುವವರು ಇಲ್ಲಿ ಯಾರು?

"ಎಲ್ಲರೂ," ಅಂದಳು ಹಿರಿಯಳು. "ನಮಗೆ ಹೇಳಿಕೊಡೋದೇ ಹಾಗೆ. ನೀನೂ ಇನ್ನು ಮೇಲೆ ಹಾಗೇ ಅಂತೀಯ."

ಯಾರೆಂದು ಅವಳಿಗೆ ತಿಳಿಯಲೇ ಇಲ್ಲ. ಒಂದು ದಿನ ಇಡೀ ಕೋಣೆಗೆ ಆಗುವಷ್ಟು ಬಿಸ್ಕತ್ತು ತಂದು ಹಂಚಿದಳು. ಯಾಕೆ ಅಂತ ಕೇಳಿದವರಿಗೆ ಸುಮ್ಮನೆ ಅಂದಳು.

ಬೀದಿಯಲ್ಲಿ ಅತ್ತೆ ನಮ್ಮ ಸೊಸೆ ಪೊಲೀಸ್ ಎಂದು ಡಂಗುರ ಸಾರಿಬಿಟ್ಟಿದ್ದರು. ಮನೆ ಮುಂದೆ ಅಡ್ಡಾದಿಡ್ಡಿ ನಿಲ್ಲಿಸಿದ ಸ್ಕೂಟರ್, ನೆಂಟರ ಮನೆಯ ಜಗಳ, ಕಾಣೆಯಾದ ಬೆಕ್ಕು, ಎಲ್ಲದಕ್ಕೂ ಜನ ಬಂದು ಬಾಗಿಲು ತಟ್ಟುತ್ತಿದ್ದರು. ಅತ್ತೆ ಮುರಿದು ಕೂಡಿಕೊಂಡ ಕೈ ಎತ್ತಿ ಅವರನ್ನು ಕೂರಿಸಿ, "ಮೊದಲು ಎಲ್ಲಿ ಅಂತ ಹೇಳಿ" ಎಂದು ತಾವೇ ವಿಚಾರಣೆ ನಡೆಸುತ್ತಿದ್ದರು.

ತರಬೇತಿ ಮುಗಿದು ನಿಧಾನಕ್ಕ ಒಬ್ಬಳೇ ಮೇಜಿಗೆ ಕೂತ ದಿನ ಮೊದಲು ಬಂದದ್ದು ರಾಂಗ್ ನಂಬರ್. ಎರಡನೆಯದೂ ಅದೇ. ಮೂರನೆಯ ಕರೆಯಲ್ಲಿ ಒಬ್ಬ ಗಂಡಸು ಪಿಸುಗುಟ್ಟಿದ. ಪಿಸುದನಿ ಕೇಳಿದೊಡನೆ ಅವಳ ಬೆನ್ನು ನೆಟ್ಟಗಾಯಿತು. ಜೋರಾಗಿ ಮಾತಾಡಲಾಗದವರು ದೊಡ್ಡ ಅಪಾಯದಲ್ಲಿರಬಹುದು ಎಂದು ತರಬೇತಿಯಲ್ಲಿ ಹೇಳಿದ್ದರು.

"ಎಲ್ಲಿದೀರ ಹೇಳಿ."

"ಮನೆ ಮಾಡಿನ ಮೇಲೆ."

ವಿಳಾಸವನ್ನೂ ಹೇಳಿದ. ಅವಳ ಬೆರಳು ಓಡಿತು. "ನಿಮಗೆ ಪೆಟ್ಟಾಗಿದೆಯಾ? ಹತ್ತಿರ ಯಾರಾದರೂ ಇದಾರಾ?"

"ಪೆಟ್ಟಿಲ್ಲ ಮೇಡಂ. ಹೆಂಚು ಸರಿಮಾಡೋಕೆ ಹತ್ತಿದ್ದೆ. ಏಣಿ ಬಿದ್ದೋಯ್ತು. ಹತ್ತಬೇಡಿ ಅಂತ ಹೆಂಡತಿ ಬೆಳಿಗ್ಗೆಯಿಂದ ಹೇಳ್ತಾನೇ ಇದ್ದಳು. ಅವಳಿಗೆ ಗೊತ್ತಾಗದ ಹಾಗೆ ಯಾರನ್ನಾದರೂ ಕಳಿಸೋಕಾಗುತ್ತಾ?"

"ನಿಮ್ಮ ಹೆಂಡತಿ ಎಲ್ಲಿದಾರೆ?"

"ಕೆಳಗೆ, ಅಡುಗೆಮನೇಲಿ."

ನಿಧಾನಕ್ಕ ತುಟಿ ಕಚ್ಚಿ ನಗು ನುಂಗಿದಳು. "ನಾನು ಗಾಡಿ ಕಳಿಸಿದರೆ ಸೈರನ್ ಹಾಕ್ಕೊಂಡು ಬರುತ್ತೆ ಅಣ್ಣ. ಬೀದಿಗೆಲ್ಲ ಗೊತ್ತಾಗುತ್ತೆ. ಹೆಂಡತಿ ಒಬ್ಬರಿಗೇ ಗೊತ್ತಾದರೆ ಸಾಲದಾ?"

ಅವನು ಲೆಕ್ಕ ಹಾಕಿದನೇನೋ. "ನೀವು ಲೈನಲ್ಲೇ ಇರ್ತೀರಾ?"

"ಇರ್ತೀನಿ. ಅಲುಗಾಡದೆ ಕೂತುಕೊಂಡೇ ಕರೀರಿ."

ಅವನು ಹೆಂಡತಿಯನ್ನು ಕರೆದ. ಕೆಳಗಿನಿಂದ ಬಾಗಿಲು ತೆರೆದ ಸದ್ದು, ಹೆಂಗಸಿನ ದನಿ, ಅದು ಬರಬರುತ್ತ ಹತ್ತಿರವಾದದ್ದು, ಏಣಿ ಗೋಡೆಗೆ ತಗುಲಿದ ಸದ್ದು, ಎಲ್ಲವೂ ಹೆಡ್‌ಸೆಟ್ಟಿನಲ್ಲಿ ಸ್ಪಷ್ಟವಾಗಿ ಕೇಳಿಸಿದವು. ಬೈಗುಳದ ಪ್ರತಿಯೊಂದು ಮಾತೂ ಕೇಳಿಸಿತು. ಕೊನೆಯ ಮೆಟ್ಟಿಲು ಇಳಿದು ನೆಲ ಮುಟ್ಟಿದೆ ಎಂದು ಅವನೇ ಹೇಳುವವರೆಗೂ ಅವಳು ಕರೆ ಮುಗಿಸಲಿಲ್ಲ.